ಹನ್ನೆರಡರ ಕೋಲು

ಫೆಬ್ರುವರಿ 4, ಬೆಳಿಗ್ಗೆ 5.10

ಕಾಫಿ ಆಯಿತು. ಡಬ್ಬಿಗೆ ಬ್ರೆಡ್ಡು, ಕೆಂಪು ಮೆಣಸಿನ ಗೊಜ್ಜು, ನಿನ್ನೆ ಉಳಿದ ಎಲೆಕೋಸಿನ ಸುರುಳಿ ನಾಲ್ಕು. ಎರಡು ಸ್ಲಾವ್ಕಾಳಿಗೆ, ಕ್ರೇನ್ ನಡೆಸುವವಳು. ಕೊಡದಿದ್ದರೆ ಕ್ರೇನಿನ ಮೇಲಿಂದ ಇಡೀ ಶೆಡ್ಡಿಗೆ ಕೇಳುವಂತೆ ಬೈಯುತ್ತಾಳೆ. ಬೋಯನ್ ಡಿಪೋಗೆ ಹೋದ. ಗಂಡ ಶಿಫ್ಟ್ ಬಸ್ಸಿನ ಡ್ರೈವರ್ ಆದದ್ದಕ್ಕೆ ಒಂದೇ ಲಾಭ — ಬಸ್ಸು ನನ್ನನ್ನು ಬಿಟ್ಟು ಹೊರಡುವುದಿಲ್ಲ.

ಮೈನಸ್ ಒಂಬತ್ತು. ಇವತ್ತು ಹೊಸ ಮಿಲ್ಲಿಗೆ ಮೊದಲ ಬಿಲೆಟ್, ಸರಳಾಗಬೇಕಾದ ಉಕ್ಕಿನ ದಿಮ್ಮಿ.

ಅದೇ ದಿನ, ಸಂಜೆ 6

ಓಡಿತು. ಒಂದೊಂದಕ್ಕೂ ಜೋಡಿ ರೋಲಿರುವ ಹದಿನೆಂಟು ಸ್ಟ್ಯಾಂಡಿನಲ್ಲಿ ಒಂಬತ್ತು ದಾಟಿ ಹತ್ತನೆಯದರಲ್ಲಿ ಸಿಕ್ಕಿಕೊಂಡಿತು, ಆದರೂ ಓಡಿತು. ಕಾದ ಬಿಲೆಟ್ ಫರ್ನೇಸಿನಿಂದ ಹೊರಬಂದು ಮೊದಲ ಜೋಡಿ ರೋಲಿಗೆ ಸಿಕ್ಕಾಗ ಸ್ಪಾಸಣ್ಣ ಅತ್ತೇಬಿಟ್ಟ. ಅರವತ್ತೊಂದು ವರ್ಷ, ಹಳೇ ಮಿಲ್ಲಿನ ಹೆಡ್ ರೋಲರ್. ಕಣ್ಣಿಗೆ ಹೊಗೆ ಹೋಯಿತು ಎಂದ. ಹೊಗೆ ಎಲ್ಲಿತ್ತು? ನಾನು ಫರ್ನೇಸಿನ ಬಿಸಿಗೆ ಕೈ ಚಾಚಿದೆ. ಒಂಬತ್ತು ವರ್ಷ ಸೂಪರ್‌ಮಾರ್ಕೆಟ್ಟಿನ ಕೌಂಟರಿನಲ್ಲಿ ಮೊಸರಿನ ಡಬ್ಬಿ ಬೀಪ್ ಮಾಡಿದ ಕೈ ಇದು.

ಪಾದ್ರಿ ಬಂದು ತುಳಸಿ ಕಟ್ಟು ಅದ್ದಿ ನೀರು ಚಿಮುಕಿಸಿದ. ನಾನು ಮನೆಯಿಂದ ಒಯ್ದ ತಾಮ್ರದ ತಂಬಿಗೆಯ ನೀರನ್ನು ಫರ್ನೇಸಿನ ಬಾಗಿಲಿಗೆ ಅಡ್ಡಲಾಗಿ ಚೆಲ್ಲಿದೆ — ಕೆಲಸ ನೀರಿನಂತೆ ಸಾಗಲಿ ಅಂತ. ಅಷ್ಟರಲ್ಲಿ ಇಟಲಿಯವನು ಓಡಿ ಬಂದ.

“ಕೇಬಲ್! ಸಿನ್ಯೋರಾ, ಕೆಳಗೆ ಕೇಬಲ್!”

“ನೀರು ಹಾಕ್ದೆ ಶುರು ಮಾಡೋದು ನಿಮ್ಮೂರಲ್ಲಿರ್ಬೋದು, ನಮ್ಮೂರಲ್ಲಿಲ್ಲ” ಎಂದೆ. ಮೇಲಿಂದ ಸ್ಲಾವ್ಕಾ ಕಿಸಕ್ಕನೆ ನಕ್ಕಳು.

ಎರ್ಮೆಸ್ ತೊನ್ನೀನಿ ಅಂತ ಹೆಸರು. ಅರವತ್ತರ ಆಸುಪಾಸು, ಬೋಳುತಲೆ, ಜೇಬಿನಲ್ಲಿ ನೀಲಿ ನೋಟ್‌ಬುಕ್. ಹತ್ತು ವರ್ಷ ನಮ್ಮ ನೆರೆಯ ಸರ್ಬಿಯಾದಲ್ಲಿ ಕೆಲಸ ಮಾಡಿದ್ದನಂತೆ, ಮುರುಕು ಮುರುಕಾಗಿ ನಮ್ಮ ಮಾತು ಆಡುತ್ತಾನೆ. ಮಿಲ್ ಕೊಟ್ಟ ಕಂಪನಿಯ ಮನುಷ್ಯ. ‘ಸಪ್ಲೈಯರ್’ ಎನ್ನಬಾರದಂತೆ, ‘ಪಾಲುದಾರ’ ಎನ್ನಬೇಕಂತೆ. ಡೈರೆಕ್ಟರ್ ಕಾಂಬುರೊವ್ ಭಾಷಣದಲ್ಲಿ ಏಳು ಸಲ ಹೇಳಿದ. ಎಣಿಸಿದೆ. ಯಂತ್ರ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ, ಎರಡು ವರ್ಷ ನಮ್ಮ ಹೆಗಲಿಗೆ ಹೆಗಲು ಕೊಟ್ಟು ನಡೆಸುತ್ತಾರೆ. ಏಪ್ರಿಲ್ 17ಕ್ಕೆ ಪರೀಕ್ಷೆ: ಎಂಟು ಗಂಟೆ ನಿಲ್ಲದೆ ಹದಿನಾರು ಮಿಲಿಮೀಟರ್ ದುಂಡು ಸರಳು. ಪಾಸಾದರೆ ನಾವು ಮೂವತ್ತಾರು ಜನರೂ ಖಾಯಂ.

2010ರಲ್ಲಿ ಹಳೇ ಮಿಲ್ಲಿಗೂ ಒಬ್ಬ ಪಾಲುದಾರ ಬಂದಿದ್ದ. ನಗುಮೊಗ, ಹೆಂಗಸರಿಗೆಲ್ಲ ಚಾಕಲೇಟು. ಆರು ತಿಂಗಳು ಎಲ್ಲವನ್ನೂ ಅಳೆದು ಬರೆದುಕೊಂಡ. ಏಳನೇ ತಿಂಗಳು ಲಾರಿಗಳು ಬಂದವು. ರೋಲುಗಳು ಹೋದವು, ಮೋಟಾರುಗಳು ಹೋದವು, ನಾವು ಉಳಿದೆವು. ಬರೆದುಕೊಳ್ಳುವವರನ್ನು ಕಂಡರೆ ಅಂದಿನಿಂದ ನನಗಾಗುವುದಿಲ್ಲ. (ನಾನೂ ಬರೆಯುತ್ತೇನೆ, ಹೌದು. ಯಾರ ಮೋಟಾರನ್ನೂ ಒಯ್ದಿಲ್ಲ.)

ಫೆಬ್ರುವರಿ 9

ಇಟಲಿಯವನು ನನ್ನ ಮೇಜಿಗೆ ಬಂದ. ಅಳತೆ ಪರೀಕ್ಷೆಯ ಮೇಜು. ಡ್ರಾಯರ್ ತೆರೆದಿತ್ತು.

“ಸಿನ್ಯೋರಾ ರಾಯ್ನಾ, ಇದು ಏನು?”

“ಕೋಲು.”

“ಯಾಕೆ ಕೋಲು?”

“ಚಳಿ ಅಲ್ವಾ. ಒಲೆಗೆ.”

ನೋಟ್‌ಬುಕ್ ತೆಗೆದು ಬರೆದುಕೊಂಡ! ಒಲೆಗೆ ಅಂತ. ಅವನು ಹೋದ ಮೇಲೆ ಸ್ಪಾಸಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಅದು ಅಪ್ಪ ಕಲಿಸಿದ್ದು. ಪೈನ್ ಮರದ ಪಟ್ಟಿ, ಮೊಳದುದ್ದ. ಕೆಂಪಗೆ ಓಡುವ ಸರಳಿಗೆ ಒಂದು ಕ್ಷಣ ಒತ್ತಿ ತೆಗೆಯಬೇಕು. ಮರ ಸುಟ್ಟು ಸರಳಿನ ಮೈ ಅದರಲ್ಲಿ ಅಚ್ಚಾಗುತ್ತದೆ. ಅಚ್ಚು ನುಣ್ಣಗಿದ್ದರೆ ಸರಿ. ಅಂಚಿನಲ್ಲಿ ಚೂಪು ಗೆರೆ ಎದ್ದರೆ ‘ಕಿವಿ’ ಬಂದಿದೆ — ಆ ಸ್ಟ್ಯಾಂಡಿನ ರೋಲುಗಳ ನಡುವಿನ ಸಂದಿ ಹೆಚ್ಚಾಗಿ ಕಬ್ಬಿಣ ಹೊರತುಳುಕುತ್ತಿದೆ, ಬಿಗಿಯಬೇಕು ಅಂತ ಅರ್ಥ. ಇಟಲಿಯವರ ಲೇಸರ್ ಗೇಜು ಕೊನೆಯಲ್ಲಿ, ತಣ್ಣಗಾಗುವ ಮುಂಚೆ, ಒಂದು ಕಡೆ ಮಾತ್ರ ಅಳೆಯುತ್ತದೆ. ನಡುವೆ ಯಾವ ಸ್ಟ್ಯಾಂಡಿನಲ್ಲಿ ಏನಾಯಿತು ಅಂತ ಹೇಳುವುದು ಕೋಲೊಂದೇ. ಪ್ರತಿ ಕೋಲಿನ ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಖು, ಸ್ಟ್ಯಾಂಡ್ ನಂಬರು. ಇಷ್ಟೇ ವಿದ್ಯೆ. ಇಷ್ಟನ್ನೂ ಇವನಿಗೆ ಕೊಟ್ಟರೆ ಆಮೇಲೆ ನಾನು ಯಾಕೆ ಬೇಕು?

ಫೆಬ್ರುವರಿ 20

ಕಂಡೆ. ಕ್ಯಾಂಟೀನಿನಲ್ಲಿ ಅವನು ಸೂಪ್ ತರಲು ಎದ್ದಾಗ ನೋಟ್‌ಬುಕ್ ತೆರೆದೇ ಇತ್ತು. ನಮ್ಮೆಲ್ಲರ ಹೆಸರು! ಪಕ್ಕದಲ್ಲಿ ಅಂಕಿ. ಸ್ಪಾಸ್ 43. ಸ್ಲಾವ್ಕಾ 38. ಆ ಸೋಮಾರಿ ವೆಲ್ಡರಿಗೆ 45! ನನ್ನ ಹೆಸರಿನ ಮುಂದೆ ಮಾತ್ರ ಖಾಲಿ.

ಮಾರ್ಕ್ಸ್ ಹಾಕುತ್ತಿದ್ದಾನೆ. ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಓಡಿಸುವುದು. ಊಟದಲ್ಲೇ ಸ್ಪಾಸಣ್ಣನಿಗೆ, ಸ್ಲಾವ್ಕಾಳಿಗೆ ಹೇಳಿಬಿಟ್ಟೆ.

ಬೋಯನ್‌ಗೆ ಹೇಳಿದೆ. “ನೀನು ಉಪ್ಪಿನ ಡಬ್ಬೀನೂ ಮೂಸಿ ನೋಡಿ ಹಾಕೋಳು ಕಣೇ” ಎಂದ. ನಗಲಿ. 2010ರಲ್ಲೂ ನಕ್ಕಿದ್ದ.

ಮೂರು ದಿನದ ಹಿಂದೆ ಆ ಮನುಷ್ಯ ನನ್ನ ಹತ್ತಿರ ಬಂದು, ಕಾಲು ನೋಡಿ, ಏನೋ ನಂಬರು ಕೇಳಿದ್ದ. “ನನ್ನ ಕಾಲಿನ ಗೊಡವೆ ನಿನಗ್ಯಾಕೆ?” ಅಂತ ಗದರಿಸಿ ಕಳಿಸಿದ್ದೆ. ಮಹಾ ರಸಿಕ.

ಮಾರ್ಚ್ 1

ಸ್ಲಾವ್ಕಾ ಎಲ್ಲರ ಮಣಿಕಟ್ಟಿಗೆ ವಸಂತದ ಕೆಂಪು-ಬಿಳಿ ದಾರ ಕಟ್ಟಿದಳು. ಅವನಿಗೂ. ಬೇಡ ಕಣೇ ಅಂದರೆ “ಪಾಪ, ಪರದೇಶಿ” ಅಂತಾಳೆ.

“ಎಷ್ಟು ದಿನ?” ಅಂತ ಕೇಳಿದ.

“ಕೊಕ್ಕರೆ ಕಾಣೋವರ್ಗೂ ಬಿಚ್ಚಂಗಿಲ್ಲ. ಇಲ್ಲಾಂದ್ರೆ ಹೂಬಿಟ್ಟ ಮರ. ಕಂಡ ತಕ್ಷಣ ಮರಕ್ಕೆ ಕಟ್ಟಿಬಿಡ್ಬೇಕು.”

ಬರೆದುಕೊಂಡ.

ಮಾರ್ಚ್ 14

ಇವತ್ತು ಸಿಕ್ಕಿತು ಗಂಟು. ಗೇಜಿನ ಪರದೆ ಬೆಳಗಿನಿಂದ ಹಸಿರು, ಹಸಿರು, ಹಸಿರು. ನನ್ನ ಕೋಲು ಹನ್ನೆರಡನೇ ಸ್ಟ್ಯಾಂಡಿನಲ್ಲಿ ಎಡಗಡೆ ಕಿವಿ ತೋರಿಸುತ್ತಿದೆ. ಒಂದಲ್ಲ, ಆರು ಕೋಲು. ಕಿವಿ ಬಂದ ಸರಳು ಮುಂದಿನ ಸ್ಟ್ಯಾಂಡಿನಲ್ಲಿ ಮಡಚಿಕೊಂಡು ಒಳಗೇ ಸೇರುತ್ತದೆ. ಹೊರಗಿನಿಂದ ದುಂಡಗೆ, ಚೆಂದಗೆ. ಬಗ್ಗಿಸಿದರೆ ಸೀಳುತ್ತದೆ. ಅಂಥದ್ದನ್ನು ಯಾರದೋ ಮನೆಯ ತೊಲೆಗೆ ಹಾಕುತ್ತಾರೆ.

ಕೋಲುಗಳನ್ನು ಹಿಡಿದುಕೊಂಡು ಕಾಂಬುರೊವ್ ಕೋಣೆಗೆ ಹೋದೆ. ಇಟಲಿಯವನೂ ಅಲ್ಲೇ ಇದ್ದ.

“ರಾಯ್ನಾ ಅವರೇ, ಆ ಗೇಜು ಯಾವ ಕಾಲದ್ದು, ನಿಮ್ಮ ಕೋಲು ಯಾವ ಕಾಲದ್ದು? ಪಾಲುದಾರರ ಎದುರು ನಗೆಪಾಟಲು ಮಾಡ್ಬೇಡಿ” ಎಂದ ಕಾಂಬುರೊವ್.

ಇಟಲಿಯವನು ಎದ್ದು ಬಂದ. ಕೋಲುಗಳನ್ನು ನೋಡಿದ. ಆಮೇಲೆ ನೆಲ ನೋಡಿದ. ಬೋಳುತಲೆಯವರೆಗೆ ಕೆಂಪಾಗಿದ್ದ.

ಅವನಿಗೆ ಗೊತ್ತು. ಗೇಜು ಸುಳ್ಳು ಹೇಳುತ್ತಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಪರೀಕ್ಷೆಯ ದಿನ ಪರದೆ ಹಸಿರಿದ್ದರೆ ಸಾಕು, ಅವರ ಕೆಲಸ ಮುಗಿಯಿತು. ಆಮೇಲೆ ಸರಳು ಸೀಳಿದರೆ ತಪ್ಪು ಯಾರದು? ನಮ್ಮದು. ನಮ್ಮ ಕಣ್ಣಿಗೆ ಮಣ್ಣು.

ಮಾರ್ಚ್ 27

ಡ್ರಾಯರಿನಲ್ಲಿ ಐದು ಕೋಲು ಇಲ್ಲ. ಎಲ್ಲವೂ ಹನ್ನೆರಡರವು. ಮೂರು ಸಲ ಎಣಿಸಿದೆ.

ಮಾರ್ಚ್ 29

ಸ್ಲಾವ್ಕಾ ಕ್ರೇನಿನಿಂದ ನೋಡಿದಳಂತೆ. ಊಟದ ಹೊತ್ತಿನಲ್ಲಿ.

“ಆ ಇಟಲಿಯವ್ನು ನಿನ್ ಡ್ರಾಯರ್ ತೆಗ್ದು ಎರಡು ಕೋಲು ಜಾಕೆಟ್ ಒಳಗೆ ಇಟ್ಕೊಂಡ ಕಣೇ. ಮಗು ಎತ್ಕೊಂಡಂಗೆ ಎತ್ಕೊಂಡ!”

“ಇಬ್ರೂ ಹೋಗಿ ಹೇಳೋಣ ಬಾ.”

“ಯಾರಿಗೆ? ಕಾಂಬುರೊವ್‌ಗಾ? ಕೋಲು ಕಳೆದೋಗಿದೆ ಅಂತಾ?” ನಕ್ಕಳು. ಅವಳಿಗೆ ಎಲ್ಲವೂ ನಗು.

ಸಾಕ್ಷಿ ಅಳಿಸುತ್ತಿದ್ದಾನೆ.

ಏಪ್ರಿಲ್ 2, ಸಂಜೆ

ಒಂದು ಉಪಾಯ ಮಾಡಿದ್ದೇನೆ. ಯಾರಿಗೂ ಹೇಳಿಲ್ಲ, ಬೋಯನ್‌ಗೂ.

ನಿಜವಾದ ಕೋಲುಗಳು ಈಗ ಮನೆಯಲ್ಲಿ, ಉಪ್ಪಿನೆಲೆಕೋಸಿನ ಪೀಪಾಯಿಯ ಹಿಂದೆ. ಡ್ರಾಯರಿನಲ್ಲಿ ಅಂಥವೇ ಇನ್ನೊಂದು ಜೊತೆ ಇಡುತ್ತೇನೆ, ನಂಬರು ಬದಲಿಸಿ. ಹನ್ನೆರಡರ ಕೋಲಿಗೆ ಹದಿನಾಲ್ಕು. ಹದಿನಾಲ್ಕರದಕ್ಕೆ ಹನ್ನೆರಡು. ಕದಿಯಲಿ. ಒಂದಲ್ಲ ಒಂದು ದಿನ ಅವನ ರಿಪೋರ್ಟಿನಲ್ಲೋ ಬಾಯಲ್ಲೋ ‘ಹದಿನಾಲ್ಕರಲ್ಲಿ ಕಿವಿ’ ಅಂತ ಬರಲೇಬೇಕು. ಹದಿನಾಲ್ಕು ಕನ್ನಡಿಯಂತಿದೆ. ಆ ಮಾತು ನನ್ನ ಡ್ರಾಯರ್ ಬಿಟ್ಟರೆ ಬೇರೆಲ್ಲಿಂದಲೂ ಬರಲು ಸಾಧ್ಯವಿಲ್ಲ. ಅವತ್ತು ಕಾಂಬುರೊವ್ ಎದುರಿಗೇ ಹಿಡಿಯುತ್ತೇನೆ.

ಅಪ್ಪ ಇದ್ದಿದ್ದರೆ ಬಾಸುಂಡೆ ಬರುವಂತೆ ಹೊಡೆಯುತ್ತಿದ್ದ. ಕೋಲಿನ ಮೇಲೆ ಸುಳ್ಳು ನಂಬರು ಬರೆಯುವುದಾ ಅಂತ.

ಏಪ್ರಿಲ್ 5

ಒಂದು ಹೋಯಿತು. ‘ಹದಿನಾಲ್ಕು’. ನನಗೆ ನಗು ತಡೆಯಲಾಗಲಿಲ್ಲ.

ಏಪ್ರಿಲ್ 11

ಇಟಲಿಯಿಂದ ಪೆಟ್ಟಿಗೆ ಬಂದವು. ಬೂಟು. ಎಲ್ಲರಿಗೂ ಹೊಸ ಬೂಟು, ಕಿಡಿ ಬಿದ್ದರೆ ಸುಡದಂಥವು. ಕಾಂಬುರೊವ್ ಕೊಡಿಸಿದ ಬೂಟುಗಳು ಕಾಲು ಕಚ್ಚುತ್ತವೆ ಅಂತ ಫೆಬ್ರುವರಿಯಲ್ಲೇ ಇಟಲಿಯವನು ತನ್ನ ಕಂಪನಿಗೆ ಬರೆದಿದ್ದನಂತೆ. ಒಂದೊಂದು ಪೆಟ್ಟಿಗೆಯ ಮೇಲೂ ಹೆಸರು, ಬೂಟಿನ ಸೈಜು. ಸ್ಪಾಸ್ 43. ಸ್ಲಾವ್ಕಾ 38.

ಮಾರ್ಕ್ಸು!

ನನ್ನ ಹೆಸರಿನದು ಇರಲಿಲ್ಲ. ಅವನು ಮೂರು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. 38, 39, 40.

“ನೀವು ಹೇಳಲಿಲ್ಲ. ನಾನು ಊಹೆ. ಯಾವುದು ಸರಿ, ಅದು ನಿಮ್ಮದು.”

39 ಸರಿಹೋಯಿತು. ಥ್ಯಾಂಕ್ಸ್ ಎಂದೆನೋ ಇಲ್ಲವೋ, ನೆನಪಿಲ್ಲ. ಎಂದಿರಲಾರೆ. ಊಟದಲ್ಲಿ ಸ್ಪಾಸಣ್ಣ ಹೊಸ ಬೂಟು ಮೇಜಿನ ಮೇಲೆ ಚಾಚಿ, “ರಾಯ್ನಾ ತಾಯೀ, ನಂಗೆ ನಲವತ್ಮೂರು ಮಾರ್ಕ್ಸ್ ಬಿತ್ತು, ಪಾಸಾ ಫೇಲಾ?” ಅಂತ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಡ್ರಾಯರಿನ ಸುಳ್ಳು ಕೋಲುಗಳನ್ನು ತೆಗೆದುಬಿಡೋಣ ಅಂತ ಎದ್ದೆ. ಮತ್ತೆ ಕೂತೆ. ಬೂಟು ಬೇರೆ, ಕೋಲು ಬೇರೆ. ಬೂಟು ಕೊಟ್ಟ ಮಾತ್ರಕ್ಕೆ ಕದ್ದದ್ದು ಕದ್ದದ್ದಲ್ಲವೇ? ಚಾಕಲೇಟು ಕೊಟ್ಟವನೂ ಇದ್ದ.

ಎರಡು ಹೋಗಿವೆ ಇವತ್ತು. ಒಂದು ‘ಹದಿನಾಲ್ಕು’, ಒಂದು ‘ಹನ್ನೆರಡು’.

ಏಪ್ರಿಲ್ 16, ಮಧ್ಯಾಹ್ನ 3

ನಾಳೆ ಪರೀಕ್ಷೆ. ಹೊಳೆಯಾಚೆ ಕೊಕ್ಕರೆ ಬಂದಿದೆ ಅಂತ ಬೋಯನ್ ಹೇಳಿದ. ನಾವೆಲ್ಲ ದಾರ ಬಿಚ್ಚಿ ಗೇಟಿನ ಪಕ್ಕದ ಚೆರ್ರಿ ಮರಕ್ಕೆ ಕಟ್ಟಿದೆವು. ಇಟಲಿಯವನು ಕಟ್ಟಲಿಲ್ಲ. ತಾನೇ ಕಣ್ಣಾರೆ ಕೊಕ್ಕರೆ ನೋಡಿಲ್ಲವಂತೆ. ನಿಯಮ ನಿಯಮವಂತೆ.

“ಮರ ಹೂಬಿಟ್ಟಿದೆಯಲ್ಲೋ ಮಾರಾಯ, ಎದುರಿಗೇ ಇದೆ!” ಎಂದಳು ಸ್ಲಾವ್ಕಾ.

“ನಾಳೆ. ಪರೀಕ್ಷೆ ನಂತರ.”

ಮಿಲ್ ನಿಲ್ಲಿಸಿ ತಣ್ಣಗಾಗಲು ಬಿಟ್ಟಿದ್ದಾರೆ. ಹೊರಡುವಾಗ ನೋಡಿದೆ. ಹದಿನಾಲ್ಕನೇ ಸ್ಟ್ಯಾಂಡಿನ ಪಕ್ಕದಲ್ಲಿ ಒಬ್ಬನೇ ಕುಕ್ಕರುಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ಏನೋ ಇತ್ತು. ಟಾರ್ಚ್ ಇರಬಹುದು.

ಬಲೆಗೆ ಬಿದ್ದ! ನಾಳೆ ಪರೀಕ್ಷೆ ಮುಗಿಯಲಿ, ಎಲ್ಲರ ಎದುರು ಕೇಳುತ್ತೇನೆ — ಹದಿನಾಲ್ಕರಲ್ಲಿ ನಿನಗೇನು ಕೆಲಸ?

ಏಪ್ರಿಲ್ 19

ಎರಡು ದಿನ ಪುಸ್ತಕ ಮುಟ್ಟಲಿಲ್ಲ.

ಬರೆಯುತ್ತೇನೆ. ಆದದ್ದು ಆದ ಹಾಗೆ.

ಬೆಳಿಗ್ಗೆ ಏಳಕ್ಕೆ ಶುರು. ಎರಡು ಗಂಟೆ ಚೆನ್ನಾಗಿ ಹೋಯಿತು. ಪರದೆ ಹಸಿರು. ಕಾಂಬುರೊವ್ ಅತಿಥಿಗಳಿಗೆ ಕಾಫಿ ಕೊಡಿಸುತ್ತಿದ್ದ. ಒಂಬತ್ತೂಕಾಲಿನ ಸುಮಾರಿಗೆ ಹದಿನಾಲ್ಕರ ಮುಂದೆ ಸರಳು ಕುಣಿಯತೊಡಗಿತು. ಸಣ್ಣ ಅಲೆ. ಸ್ಪಾಸಣ್ಣನೂ ನಾನೂ ಒಟ್ಟಿಗೇ ನೋಡಿದೆವು. ಇಟಲಿಯವನೂ ನೋಡಿರಬೇಕು. ಪ್ಯಾನೆಲ್ ಕೋಣೆಯಿಂದ ಇಳಿದು ಓಡಿದ. ಕೈಯಲ್ಲಿ ಕೋಲು. ಪೈನ್ ಪಟ್ಟಿ, ನನ್ನದರಂತೆಯೇ ಮೊಳದುದ್ದ, ನನ್ನಂತೆಯೇ ತುದಿ ಕೆತ್ತಿದ್ದ. ಮುಚ್ಚಳದ ಸಂದಿಯಲ್ಲಿ ಕೋಲು ಒತ್ತಲು ಬಗ್ಗಿದ. ನಾನು ಒತ್ತುವಂತೆಯೇ, ಎಡಮೊಣಕಾಲು ಮುಂದೆ ಇಟ್ಟು.

ಸರಳು ಹೊರಗೆ ಹಾರಿತು. ಹಾರಿದರೆ ಅದಕ್ಕೆ ಕೊನೆಯಿಲ್ಲ, ಹಿಂದಿನದು ತಳ್ಳುತ್ತಲೇ ಇರುತ್ತದೆ. ಕೆಂಪು ಸುರುಳಿ ಸುರುಳಿ, ಮಾಡಿನವರೆಗೆ. ಸ್ಲಾವ್ಕಾ ಮೇಲಿಂದ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಸ್ಪಾಸಣ್ಣ ಕೆಂಪು ಗುಂಡಿ ಒತ್ತಿದ. ನಿಲ್ಲಲು ನಾಲ್ಕು ಸೆಕೆಂಡ್.

ಇಟಲಿಯವನ ಎಡತೊಡೆ, ಎಡಗೈ ಸುಟ್ಟಿತು. ಬೂಟಿನ ಒಳಗಿನ ಪಾದಕ್ಕೆ ಏನೂ ಆಗಿಲ್ಲ. ಆಂಬುಲೆನ್ಸಿಗೆ ಹಾಕುವಾಗ ಪ್ರಜ್ಞೆ ಇತ್ತು. ಸುತ್ತಲೂ ನೋಡಿದ, ನಾನು ಕಣ್ಣಿಗೆ ಬಿದ್ದೆ. “ಸಿನ್ಯೋರಾ, ಹದಿನಾಲ್ಕು...” ಎಂದ.

ಏಪ್ರಿಲ್ 21

ಹದಿನಾಲ್ಕರಲ್ಲಿ ರೋಲುಗಳನ್ನು ಹತ್ತಿರ ಬಿಗಿದಿದ್ದಾರೆ, ಹನ್ನೆರಡನ್ನು ಮುಟ್ಟೇ ಇಲ್ಲ — ಸ್ಪಾಸಣ್ಣ ಅಳೆದು ಹೇಳಿದ. ಆಗಬೇಕಾದದ್ದು ತಿರುಗಾಮುರುಗಾ. “ಮೂವತ್ತು ವರ್ಷ ಕೆಲಸ ಮಾಡಿದೋನು ಇಂಥ ಹುಚ್ಚುತನ ಮಾಡ್ತಾನಾ, ರಾಯ್ನಾ? ನಂಗಂತೂ ಅರ್ಥ ಆಗ್ತಿಲ್ಲ.”

ನನಗೆ ಆಗುತ್ತಿದೆ.

ಅವನೂ ಗೇಜನ್ನು ನಂಬಿರಲಿಲ್ಲ. ತನ್ನ ಕಂಪನಿಯ ಗೇಜು ಸುಳ್ಳು ಅಂತ ಬಾಯಿಬಿಟ್ಟು ಹೇಳಲಾರ. ಹಾಗಾಗಿ ಕೋಲು ಒಯ್ದ. ಕೋಲು ಹೇಳಿದಂತೆ, ಯಾರಿಗೂ ತಿಳಿಯದಂತೆ, ಪರೀಕ್ಷೆಯ ಮುಂಚೆ ಮಿಲ್ ಸರಿಮಾಡಿಬಿಡೋಣ ಅಂದುಕೊಂಡ. ನಮ್ಮ ಮೂವತ್ತಾರು ಜನಕ್ಕಾಗಿಯೋ, ತನ್ನ ಹೆಸರಿಗಾಗಿಯೋ. ಎರಡಕ್ಕೂ ಇರಬಹುದು.

ಇನ್ನೊಂದು. ಮೇಲೆ, ಹದಿನಾರನೇ ತಾರೀಖಿನಲ್ಲಿ, ‘ಟಾರ್ಚ್ ಇರಬಹುದು’ ಎಂದು ಬರೆದಿದ್ದೇನೆ. ಅದು ಟಾರ್ಚ್ ಅಲ್ಲ. ಸ್ಪ್ಯಾನರ್. ನನಗೆ ಆಗಲೇ ಗೊತ್ತಿತ್ತು. ಯಾರೂ ಓದದ ಈ ಪುಸ್ತಕದಲ್ಲೂ ನಾನು ಸುಳ್ಳು ಬರೆದೆ.

ಏಪ್ರಿಲ್ 24

ಆಸ್ಪತ್ರೆ. ಬಾನಿತ್ಸಾ ಮಾಡಿಕೊಂಡು ಹೋಗಿದ್ದೆ, ತೆಳು ಹಿಟ್ಟಿನ ಹಾಳೆಗಳ ನಡುವೆ ಚೀಸ್ ಜಾಸ್ತಿ ಹಾಕಿ. ಹಾಳೆ ಹರಿದವು. ಎಂದೂ ಹರಿಯುವುದಿಲ್ಲ ನನ್ನ ಕೈಯಲ್ಲಿ.

ದಿಂಬಿಗೊರಗಿ ಕೂತಿದ್ದ. ಎಡಗೈ ಮೊಣಕೈವರೆಗೆ ಬಿಳಿ ಬ್ಯಾಂಡೇಜು. ಕೆಂಪು-ಬಿಳಿ ದಾರವನ್ನು ನರ್ಸ್ ಕತ್ತರಿಸಿದ್ದಳಂತೆ. ಎಸೆಯಲು ಬಿಡಲಿಲ್ಲವಂತೆ. ನೀರಿನ ಲೋಟದ ಪಕ್ಕದಲ್ಲಿತ್ತು, ಅರ್ಧ ಸುಟ್ಟು.

“ಸಿನ್ಯೋರಾ ರಾಯ್ನಾ. ನಾನು ಕ್ಷಮೆ ಕೇಳಬೇಕು.”

ಬಾನಿತ್ಸಾ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಕುರ್ಚಿಗೆ ಕೂತೆ.

“ನಾನು ನಿಮ್ಮ ಕೋಲು ತೆಗೆದೆ. ಕೇಳದೆ. ನೀವು ಒಲೆಗೆ ಅಂದಿರಿ. ಒಲೆಗೆ ಅಲ್ಲ, ನನಗೆ ಗೊತ್ತು. ನನ್ನ ಅಜ್ಜ ಕೂಡ ಕೋಲು ಮಾಡುತ್ತಿದ್ದ, ನಮ್ಮ ಊರ ಮಿಲ್ಲಿನಲ್ಲಿ. ನನಗೆ ಕಲಿಸಲಿಲ್ಲ, ಬೇಗ ಸತ್ತ. ನಾನು ಓದಲು ಪ್ರಯತ್ನ ಮಾಡಿದೆ. ಮಾರ್ಚ್ ಕೋಲು ಹನ್ನೆರಡು ಅಂತ, ಏಪ್ರಿಲ್ ಕೋಲು ಹದಿನಾಲ್ಕು ಅಂತ ಹೇಳಿತು. ನಾನು ಹೊಸದು ನಂಬಿದೆ. ಆದರೆ ನಾನು ತಪ್ಪು ಓದಿದೆ.”

“ತಪ್ಪು ಓದಿದ್ರಾ?”

“ಹೌದು. ಕೋಲು ತಪ್ಪು ಹೇಳಲ್ಲ. ಓದುವವನು ತಪ್ಪು.” ನೀಲಿ ನೋಟ್‌ಬುಕ್ಕನ್ನು ಬಲಗೈಯಿಂದ ಬಿಡಿಸಿದ. ನನ್ನ ಕೋಲುಗಳ ಚಿತ್ರ. ಅಳತೆಗೆ ಸರಿಯಾಗಿ, ಒಂದೊಂದು ಸುಟ್ಟ ಗೆರೆಯನ್ನೂ ಬಿಡದೆ. ಕೆಳಗೆ ತಾರೀಖು, ನಂಬರು — ನನ್ನ ಸುಳ್ಳು ನಂಬರು, ಅವನ ಅಂದವಾದ ಅಕ್ಷರದಲ್ಲಿ. “ಗುಣ ಆದ ಮೇಲೆ, ನಿಮಗೆ ಇಷ್ಟ ಇದ್ದರೆ, ಕಲಿಸುತ್ತೀರಾ?”

ಎರಡೂವರೆ ತಿಂಗಳು ನಾನು ಅವನನ್ನು ಅನುಮಾನಿಸಿದೆ. ಅವನು ಯಾರನ್ನೂ ಅನುಮಾನಿಸಲಿಲ್ಲ. ಸುಟ್ಟುಕೊಂಡ ಮೇಲೂ ಅನುಮಾನಿಸಿದ್ದು ತನ್ನನ್ನೇ.

ಹೇಳಬೇಕಿತ್ತು. ಬಾಯಿ ತೆರೆದೆ. “ಬಾನಿತ್ಸಾ ಆರಿಹೋಗತ್ತೆ, ತಿನ್ನಿ” ಎಂದೆ.

ಏಪ್ರಿಲ್ 28, ಈಸ್ಟರ್

ಕೆಂಪು ಮೊಟ್ಟೆ ಒಡೆಯುವ ಆಟದಲ್ಲಿ ಬೋಯನ್ ಗೆದ್ದ. ನನ್ನ ಮೊಟ್ಟೆ ಮೊದಲ ಏಟಿಗೇ ಒಡೆಯಿತು. ಅವನು ತಮಾಷೆ ಮಾಡಲು ಹೊರಟವನು ನನ್ನ ಮುಖ ನೋಡಿ ಕುರ್ಚಿ ಎಳೆದು ಕೂತ. ಎಲ್ಲ ಹೇಳಿದೆ. ಪೀಪಾಯಿಯ ಹಿಂದಿನ ಕೋಲುಗಳನ್ನು ತಂದು ಮೇಜಿನ ಮೇಲಿಟ್ಟೆ.

ಅವನು ಸಿಪ್ಪೆಯ ಚೂರುಗಳನ್ನು ಬೆರಳಿನಿಂದ ಗುಡ್ಡೆ ಮಾಡುತ್ತಿದ್ದ.

“ಬೈಯಾದ್ರೂ ಬೈಯೋ” ಎಂದೆ.

“ಬೈದ್ರೆ ನಿಂಗೆ ಹಗುರ ಆಗತ್ತೆ ಕಣೇ. ಅದಕ್ಕೇ ಬೈಯಲ್ಲ.”

ಏಪ್ರಿಲ್ 30

ಕಾಂಬುರೊವ್ ಕರೆಸಿದ. ಸ್ಪಾಸಣ್ಣನೂ ಅಲ್ಲಿದ್ದ. ಮೇಜಿನ ಮೇಲೆ ಟೈಪ್ ಮಾಡಿದ ಕಾಗದ, ನನ್ನ ಹೆಸರು ಆಗಲೇ ಹಾಕಿದ್ದರು.

“ಶುಕ್ರವಾರ ವಿಚಾರಣೆ. ಇಟಲಿಯಿಂದ ದೊಡ್ಡೋರು ಬರ್ತಿದಾರೆ. ನೀವು ಹೇಳ್ಬೇಕಾದ್ದು ಇಷ್ಟೇ — ಅವ್ರ ಮನುಷ್ಯ ಯಾರ್ನೂ ಕೇಳ್ದೆ ಹದಿನಾಲ್ಕು ಬಿಗಿ ಮಾಡ್ದ. ಅವತ್ತು ಕೊನೇಲಿ ಹೊರಟಿದ್ದು ನೀವು, ಕಣ್ಣಾರೆ ನೋಡಿದ್ರಿ. ನೋಡಿದ್ರಿ ತಾನೆ?”

“ನೋಡ್ದೆ.”

“ಅಷ್ಟೇ ಸಾಕು. ತಪ್ಪು ಅವ್ರದು ಅಂತಾದ್ರೆ ಒಪ್ಪಂದದ ಪ್ರಕಾರ ನಿಮಗೆಲ್ಲ ಮೇ ತಿಂಗಳಲ್ಲೇ ಖಾಯಂ ಪತ್ರ. ನಮ್ಮ ಕಡೆಯೋರದು ಅಂತಾದ್ರೆ ಎಲ್ರೂ ಶರತ್ಕಾಲದವರ್ಗೂ ಕಾಯ್ಬೇಕು, ಮಾಡ್ದೋರು ಗೇಟಿನ ಹೊರಗೆ. ಯಾರೂ ಮಾಡಿಲ್ವಲ್ಲ?”

“ಅವ್ನ ಗತಿ ಏನು ಸರ್?”

“ಅವ್ರ ಮನುಷ್ಯ, ಅವ್ರು ನೋಡ್ಕೊತಾರೆ. ಈ ವಯಸ್ಸಲ್ಲಿ ಇನ್ನೊಂದು ಮಿಲ್ ಕೊಡಲ್ಲ ಅನ್ಸತ್ತೆ.”

ಏಳು ಸಲ ‘ಪಾಲುದಾರ’ ಎಂದ ಬಾಯಿ. ಈಗ ‘ಅವ್ರ ಮನುಷ್ಯ’.

ಕಾರಿಡಾರಿನಲ್ಲಿ ಸ್ಪಾಸಣ್ಣ ನನ್ನ ತೋಳು ಹಿಡಿದ. “ಸಹಿ ಹಾಕಮ್ಮಾ. ಅದ್ರಲ್ಲಿ ಸುಳ್ಳು ಒಂದೂ ಇಲ್ವಲ್ಲ.”

ಇಲ್ಲ. ಒಂದಕ್ಷರ ಸುಳ್ಳಿಲ್ಲ. ನಾನು ಬರೆದ ನಂಬರೊಂದೇ ಸುಳ್ಳು, ಅದು ಕಾಗದದಲ್ಲಿಲ್ಲ. ಸ್ಪಾಸಣ್ಣನಿಗೆ ಪಿಂಚಣಿಗೆ ಇನ್ನೆರಡು ವರ್ಷ. ಅವನ ಮುಖ ನೋಡಲಾಗಲಿಲ್ಲ. ಬೂಟು ನೋಡುತ್ತ ನಿಂತೆ. ನಲವತ್ತಮೂರು.

ಮೇ 2

ಸಹಿ ಹಾಕಿಲ್ಲ. ಹಾಕುವುದಿಲ್ಲ ಅಂತಲೂ ಹೇಳಿಲ್ಲ. ಡ್ರಾಯರಿನಲ್ಲಿ ಉಳಿದಿದ್ದ ಸುಳ್ಳು ಕೋಲುಗಳನ್ನು ಒಲೆಗೆ ಹಾಕಲು ಮನೆಗೆ ತಂದೆ. ಒಲೆ ಹೊತ್ತಿಸಿದೆ. ಹಾಕಲಾಗಲಿಲ್ಲ. ಫೆಬ್ರುವರಿಯಲ್ಲಿ ನಾನೇ ಹೇಳಿದ್ದು — ಒಲೆಗೆ ಅಂತ.

ಸ್ಲಾವ್ಕಾ ಸಂಜೆ ಬಂದಿದ್ದಳು. ಅವಳಿಗೂ ಹೇಳಿದೆ. ಮೊದಲ ಸಲ ಅವಳು ನಗಲಿಲ್ಲ.

“ಎಲ್ರೂ ಕಾಯ್ಬೇಕಾಗತ್ತೆ ಕಣೇ ರಾಯ್ನಾ.”

“ಗೊತ್ತು.”

“ನಿನ್ನ ಬೈತಾರೆ. ನಾನೂ ಬೈತೀನಿ.”

“ಬೈಯಿ.”

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ನಾಳೆ ಡಬ್ಬಿಗೆ ನಂಗೆ ಎರಡು ಜಾಸ್ತಿ ಹಾಕು” ಎಂದಳು. ಅದು ಬೈಗುಳವೋ ಕ್ಷಮೆಯೋ ಗೊತ್ತಾಗಲಿಲ್ಲ.

ಮೇ 3, ಬೆಳಿಗ್ಗೆ 5.20

ಕಾಫಿ ಆರಿಹೋಗಿದೆ. ಡಬ್ಬಿ ತುಂಬಿಸಿದೆ — ಸುರುಳಿ ಎಂಟು, ಅದರಲ್ಲಿ ನಾಲ್ಕು ಸ್ಲಾವ್ಕಾಳಿಗೆ. ತಂಬಿಗೆಯಲ್ಲಿ ನೀರು ತಂದು ನಮ್ಮ ಮನೆಯ ಹೊಸ್ತಿಲಿಗೇ ಚೆಲ್ಲಿದೆ. ಯಾವ ಕೆಲಸ ಸಾಗಲಿ ಅಂತಲೋ.

ಚೀಲದಲ್ಲಿ ಎರಡು ಕಟ್ಟು. ನಿಜದ ಕೋಲು, ಸುಳ್ಳಿನ ಕೋಲು. ವಿಚಾರಣೆ ಹತ್ತಕ್ಕೆ. ಅಪ್ಪನ ಹಳೇ ಕೋಲೊಂದನ್ನೂ ಇಟ್ಟುಕೊಂಡಿದ್ದೇನೆ, ಆಮೇಲೆ ಆಸ್ಪತ್ರೆಗೆ ಒಯ್ಯಲು. ಕಲಿಸುವುದಾದರೆ ಅದರಿಂದಲೇ ಶುರು ಮಾಡಬೇಕು. ಅವನು ನನ್ನಿಂದ ಕಲಿಯಲು ಇನ್ನೂ ಒಪ್ಪಿದರೆ.

ಬೋಯನ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಬಸ್ಸು ನನ್ನನ್ನು ಬಿಟ್ಟು ಹೊರಡುವುದಿಲ್ಲ. ಒಂದು ಸಾಲು ಇಲ್ಲೇ ಬರೆದು ನೋಡುತ್ತೇನೆ. ಅಲ್ಲಿ ಎಲ್ಲರೆದುರು ಬರೆಯಬೇಕಾದದ್ದು ಇದೇ.

‘ಎರ್ಮೆಸ್ ತೊನ್ನೀನಿ ಕೋಲನ್ನು ಸರಿಯಾಗಿಯೇ ಓದಿದರು. ಹನ್ನೆರಡರ ಕೋಲಿನ ಮೇಲೆ ಹದಿನಾಲ್ಕು ಎಂದು ಬರೆದವಳು...’